ತೊಡೆ ಸಂದಿಯ ಕೆಂಪು: ಹತ್ತು ತಿಂಗಳ ಮಗುವಿನ ಡೈಪರ್ ರ‍್ಯಾಶ್ ಪ್ರಕರಣ

ಮಗು ಹೆಣ್ಣು, ಹತ್ತು ತಿಂಗಳು, ತೂಕ 8.2 ಕೆ.ಜಿ. ಊರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಜುಲೈ ತಿಂಗಳು. ತಾಯಿ ಹೇಳಿದ್ದು ಇಷ್ಟೇ: "ಡಾಕ್ಟ್ರೇ, ಎರಡು ವಾರದಿಂದ ಅಂಡು, ತೊಡೆ ಸಂದಿ ಎಲ್ಲಾ ಬೆಂದು ಹೋಗಿದೆ. ಏನು ಹಚ್ಚಿದರೂ ಕಮ್ಮಿ ಆಗ್ತಿಲ್ಲ."

ಡೈಪರ್ ರ‍್ಯಾಶ್ ಮಕ್ಕಳ ಡಾಕ್ಟರಿಗೆ ದಿನಾ ಎದುರಾಗುವ ವಿಷಯ. ಬಹುಪಾಲು ಮನೆಯಲ್ಲೇ ಮೂರ್ನಾಲ್ಕು ದಿನದಲ್ಲಿ ಹೋಗಿಬಿಡುತ್ತದೆ, ನಮ್ಮ ತನಕ ಬರುವುದೇ ಇಲ್ಲ. ಎರಡು ವಾರವಾದರೂ ಜಗ್ಗದೆ ಕೂತಿದೆ ಅಂದರೆ ಒಳಗೆ ಬೇರೇನೋ ನಡೆದಿದೆ ಎಂದೇ ಅರ್ಥ. ಈ ಮಗುವಿನಲ್ಲಿ ಒಂದರ ಬಾಲ ಹಿಡಿದು ಇನ್ನೊಂದು ಬಂದಿತ್ತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಮನೆಯವರ ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಶುರುವಾಗಿದ್ದು ಕಿವಿಯಿಂದ

ಮಗುವಿಗೆ ನೆಗಡಿ, ಆಮೇಲೆ ಜ್ವರ, ಕಿವಿ ಎಳೆದುಕೊಂಡು ಅಳು. ಬೇರೆ ಡಾಕ್ಟರ್ ನೋಡಿ ಅಮಾಕ್ಸಿಸಿಲಿನ್–ಕ್ಲಾವ್ಯುಲನೇಟ್ ಎಂಬ ಆ್ಯಂಟಿಬಯಾಟಿಕ್ ಸಿರಪ್ ಏಳು ದಿನಕ್ಕೆ ಬರೆದುಕೊಟ್ಟಿದ್ದರು. ಕಿವಿ ಸೋಂಕಿಗೆ ಅದು ಸರಿಯಾದ ಔಷಧವೇ. ಕಿವಿ ವಾಸಿಯೂ ಆಯಿತು. ಆದರೆ ಈ ಸಿರಪ್‌ಗೆ ಒಂದು ಗುಣವಿದೆ. ಎಷ್ಟೋ ಮಕ್ಕಳಿಗೆ ಭೇದಿ ಮಾಡಿಸುತ್ತದೆ. ಮೂರನೇ ದಿನದಿಂದ ಈ ಮಗುವೂ ದಿನಕ್ಕೆ ಆರೇಳು ಸಲ ನೀರು ನೀರಾಗಿ ಕಕ್ಕ ಮಾಡತೊಡಗಿತು.

ಅದೇ ಹೊತ್ತಿಗೆ ಹೊರಗೆ ಬಿಡದ ಮಳೆ. ಈ ಮನೆಯಲ್ಲಿ ಮಗುವಿಗೆ ಹಗಲು ಹಳೇ ಪಂಚೆಯ ಲಂಗೋಟಿ, ರಾತ್ರಿ ಮಾತ್ರ ಡೈಪರ್. ಮಳೆಗಾಲದಲ್ಲಿ ಬಟ್ಟೆ ಒಣಗಬೇಕಲ್ಲ. ಬಚ್ಚಲ ಹಂಡೆ ಒಲೆಯ ಮೇಲೆ ಬಿದಿರಿನ ಗಳು ಕಟ್ಟಿ ಸಾಲಾಗಿ ಹರವಿದ್ದರಂತೆ. ಮಲೆನಾಡಿನಲ್ಲಿ ಇದೇನು ಹೊಸದಲ್ಲ. ಅರ್ಧ ಒಣಗಿ, ಹೊಗೆ ವಾಸನೆ ಹಿಡಿದ ಬಟ್ಟೆ. ಭೇದಿ ಶುರುವಾದ ಮೇಲೆ ಅದೂ ಸಾಲಲಿಲ್ಲ. ಹಗಲೂ ರಾತ್ರಿ ಡೈಪರ್ ಆಯಿತು. ಒಂದೊಂದು ಡೈಪರ್ ಐದಾರು ತಾಸು. "ಉಚ್ಚೆ ಹೀರ್ಕೊಳ್ಳುತ್ತಲ್ಲ, ಭಾರ ಆದ ಮೇಲೆ ಬದಲಾಯಿಸಿದರೆ ಆಯ್ತು ಅಂದ್ಕೊಂಡಿದ್ವಿ" ಎಂದರು ತಾಯಿ. ತುಂಬಾ ಮನೆಗಳಲ್ಲಿ ಹೀಗೇ ಅಂದುಕೊಂಡಿರುತ್ತಾರೆ.

ಉಚ್ಚೆಯನ್ನು ಡೈಪರ್ ಹೀರಿಕೊಳ್ಳುವುದು ನಿಜ. ಒಳಗಿನ ಪುಡಿ ಅದನ್ನು ಜೆಲ್ ಮಾಡಿ ಹಿಡಿದಿಡುತ್ತದೆ. ಕಕ್ಕವನ್ನು ಅದು ಹೀರುವುದಿಲ್ಲ. ಅದು ಚರ್ಮದ ಮೇಲೇ ಕೂರುತ್ತದೆ. ಕಕ್ಕದಲ್ಲಿ ಪ್ರೋಟೀನ್, ಕೊಬ್ಬು ಕರಗಿಸುವ ಕಿಣ್ವಗಳಿರುತ್ತವೆ. ಹೊಟ್ಟೆಯಲ್ಲಿ ಊಟ ಅರಗಿಸಲು ಇರುವಂಥವು, ಚರ್ಮವನ್ನೂ ಬಿಡುವುದಿಲ್ಲ. ಉಚ್ಚೆಯಲ್ಲಿರುವ ಯೂರಿಯಾ ಕಕ್ಕದ ಬ್ಯಾಕ್ಟೀರಿಯಾದ ಜೊತೆ ಸೇರಿದಾಗ ಅಮೋನಿಯಾ ಆಗುತ್ತದೆ. ಅದು ಚರ್ಮದ ಸಹಜ ಹುಳಿಗುಣವನ್ನು ಕಳೆಯುತ್ತದೆ. ಹುಳಿ ಕಮ್ಮಿಯಾದಷ್ಟೂ ಆ ಕಿಣ್ವಗಳ ಕೆಲಸ ಚುರುಕು. ಭೇದಿಯಲ್ಲಿ ಕರುಳಿನಿಂದ ಎಲ್ಲವೂ ಬೇಗ ಹೊರಬೀಳುವುದರಿಂದ ಕಿಣ್ವಗಳೂ ಜಾಸ್ತಿ ಬರುತ್ತವೆ. ಅದಕ್ಕೇ ಉಚ್ಚೆಯಲ್ಲಿ ನೆಂದ ಮಗುವಿಗಿಂತ ಭೇದಿಯಾದ ಮಗುವಿನ ಅಂಡು ಬೇಗ ಕೆಂಪಾಗುತ್ತದೆ.

ನಾಲ್ಕನೇ ದಿನ ಕೆಂಪು ಕಂಡಿತು. ಮೊದಲು ಕಂಡದ್ದು ಎಲ್ಲಿ ಎಂದು ನಾನು ಒತ್ತಿ ಕೇಳಿದೆ. ತಾಯಿ ಸ್ವಲ್ಪ ಯೋಚಿಸಿ ತೋರಿಸಿದ್ದು ಅಂಡಿನ ಉಬ್ಬು ಮತ್ತು ಕೆಳಹೊಟ್ಟೆ. ಸಂದಿ ಆಗ ಚೆನ್ನಾಗೇ ಇತ್ತಂತೆ. ಈ ಒಂದು ಉತ್ತರದಲ್ಲಿ ಅರ್ಧ ಕಥೆ ಇತ್ತು.

ಮನೆಯಲ್ಲಿ ಆದದ್ದು, ಅಂಗಡಿಯಲ್ಲಿ ಆದದ್ದು

ಅಜ್ಜಿಯ ಪ್ರಕಾರ ಇದು ಉಷ್ಣ. ಹಲ್ಲು ಬೇರೆ ಬರುತ್ತಿದೆ, ಅದಕ್ಕೇ ಭೇದಿ, ಅದಕ್ಕೇ ಕೆಂಪು. ಕೊಬ್ಬರಿ ಎಣ್ಣೆ ಹಚ್ಚಿದರು. ಅದರಿಂದ ಕೆಡುಕೇನಿಲ್ಲ, ಒಂದು ತೆಳು ಪದರವಾಗಿ ನಿಲ್ಲುತ್ತದೆ ಅಷ್ಟೆ. ಅದರ ಮೇಲೆ ಪೌಡರ್ ಹಾಕಿದರು. ಅಲ್ಲಿ ಎಡವಟ್ಟಾಯಿತು. ಎಣ್ಣೆ, ಬೆವರು, ಉಚ್ಚೆ ಎಲ್ಲ ಸೇರಿ ಪೌಡರ್ ಸಂದಿಯಲ್ಲಿ ಉಂಡೆಗಟ್ಟಿ ನಿಂತಿತು. ನಡೆಯಲು ಕಲಿಯುತ್ತಿರುವ ಮಗು ಕಾಲು ಆಡಿಸಿದಾಗಲೆಲ್ಲ ಅದೇ ತಿಕ್ಕುತ್ತದೆ. ಮಕ್ಕಳ ಪೌಡರ್ ಉಸಿರಲ್ಲಿ ಒಳಗೆ ಹೋದರೆ ಶ್ವಾಸಕೋಶಕ್ಕೆ ತೊಂದರೆ. ಇನ್ನು ಕೆಲವು ಬೆವರುಸಾಲೆ ಪೌಡರ್‌ಗಳಲ್ಲಿ ಬೋರಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್ ಇರುತ್ತವೆ. ಒಡೆದ ಚರ್ಮದ ಮೂಲಕ ಅವು ರಕ್ತಕ್ಕೇ ಸೇರಬಹುದು. ಪುಟ್ಟ ಮಗುವಿನ ಅಂಡಿಗೆ ಅವನ್ನು ಹಾಕಲೇಬಾರದು.

ಆರನೇ ದಿನಕ್ಕೆ ಕೆಂಪು ಸಂದಿಗೂ ಇಳಿಯಿತು. ಮಗು ಒರೆಸುವಾಗ ಕಿರುಚತೊಡಗಿತು. ತಂದೆ ಪೇಟೆಗೆ ಹೋದವರು ಮೆಡಿಕಲ್ ಶಾಪಿನಲ್ಲಿ ಬಾಯಲ್ಲೇ ಹೇಳಿ ಒಂದು ಟ್ಯೂಬ್ ತಂದರು. ಅದನ್ನು ಅವರು ನನಗೆ ಜೇಬಿನಿಂದ ತೆಗೆದು ತೋರಿಸಿದರು. ಮಧ್ಯಕ್ಕೆ ಮಡಚಿ ಮಡಚಿ ಮುಕ್ಕಾಲು ಖಾಲಿಯಾಗಿತ್ತು. ಬೆನ್ನ ಮೇಲಿನ ಇರುವೆಯಂಥ ಅಕ್ಷರ ಓದಿದೆ: ಕ್ಲೋಬೆಟಸಾಲ್, ಒಂದು ಆ್ಯಂಟಿಬಯಾಟಿಕ್, ಒಂದು ಫಂಗಸ್ ಔಷಧ. ಎಲ್ಲವೂ ಒಂದೇ ಟ್ಯೂಬಿನಲ್ಲಿ.

ಕ್ಲೋಬೆಟಸಾಲ್ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತ್ಯಂತ ಬಲವಾದ ಗುಂಪಿನದು. ದೊಡ್ಡವರ ಅಂಗೈ, ಅಂಗಾಲಿನ ದಪ್ಪ ಚರ್ಮದ ಕಾಯಿಲೆಗೆ, ಅದೂ ಕೆಲವು ವಾರ ಮಾತ್ರ ಬರೆಯುವ ಔಷಧ. ಅದನ್ನು ಹತ್ತು ತಿಂಗಳ ಮಗುವಿನ ತೊಡೆ ಸಂದಿಗೆ ದಿನಕ್ಕೆ ಎರಡು ಸಲ, ಎಂಟು ದಿನ ಹಚ್ಚಲಾಗಿತ್ತು. ಮೇಲೆ ಡೈಪರ್ ಬಿಗಿದಿದ್ದರಿಂದ ಒಳಗೆ ಶಾಖ, ತೇವ. ಔಷಧ ಇನ್ನೂ ಜಾಸ್ತಿ ಒಳಗಿಳಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಕ್ಲೋಬೆಟಸಾಲ್‌ನಂಥ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಕೌಂಟರಿನ ಮೇಲೆ ನಡೆಯುವುದು ಬೇರೆ, ಎಲ್ಲರಿಗೂ ಗೊತ್ತಿರುವುದೇ.

"ಹಚ್ಚಿದ ಎರಡು ದಿನಕ್ಕೇ ಪೂರಾ ಕಮ್ಮಿ ಆಗಿತ್ತು ಡಾಕ್ಟ್ರೇ. ಒಳ್ಳೇ ಟ್ಯೂಬು ಅಂದ್ಕೊಂಡ್ವಿ" ಎಂದರು ತಂದೆ. ಈ ಟ್ಯೂಬುಗಳು ಅಷ್ಟು ಮಾರಾಟವಾಗುವುದೇ ಅದಕ್ಕೆ. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ. ಕೆಂಪು ಇಳಿಯುತ್ತದೆ, ಮಗು ಮಲಗುತ್ತದೆ, ಮನೆಯವರಿಗೆ ನೆಮ್ಮದಿ. ಫಂಗಸ್ ಇದ್ದರೆ ಅದನ್ನು ತಡೆಯುವ ಮೈಯ ಕಾವಲು ಕೂಡ ಅದರ ಜೊತೆಗೇ ಮಲಗುತ್ತದೆ. ಅದೇ ಟ್ಯೂಬಿನಲ್ಲಿರುವ ಫಂಗಸ್ ಔಷಧ ಅದರ ಎದುರು ಗೆಲ್ಲುವುದು ಕಷ್ಟ. ನಾಲ್ಕನೇ ದಿನಕ್ಕೆ ಕೆಂಪು ವಾಪಸ್ ಬಂತು, ಮೊದಲಿಗಿಂತ ಅಗಲವಾಗಿ. ಇವರು ಇನ್ನಷ್ಟು ಹಚ್ಚಿದರು.

ನೋಡಿದಾಗ ಕಂಡದ್ದು

ಮಗುವನ್ನು ಕಿಟಕಿಯ ಬೆಳಕಿಗೆ ಮಲಗಿಸಿ ಬಟ್ಟೆ ಬಿಚ್ಚಿಸಿದೆ. ಇದು ಮುಖ್ಯ. ಟ್ಯೂಬ್‌ಲೈಟಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಮೊಬೈಲ್ ಫೋಟೋದಲ್ಲಿ, ನಮ್ಮ ಕಂದು ಚರ್ಮದ ಕೆಂಪು ಸರಿಯಾಗಿ ಕಾಣುವುದಿಲ್ಲ. ಚಿತ್ರಗಳಲ್ಲಿ ತೋರಿಸುವ ಟೊಮ್ಯಾಟೊ ಕೆಂಪನ್ನು ಹುಡುಕಿದರೆ ಸಿಗದು. ನಮ್ಮ ಮಕ್ಕಳಲ್ಲಿ ಅದು ಕಪ್ಪುಗೆಂಪು, ಕೆಲವೊಮ್ಮೆ ನೇರಳೆ ಛಾಯೆ. ಮುಟ್ಟಿದರೆ ಬಿಸಿ, ಸುತ್ತಲಿನ ಚರ್ಮಕ್ಕಿಂತ ಹೊಳಪು.

ಅಂಡಿನ ಉಬ್ಬಿನ ಮೇಲೆ ಬಣ್ಣ ಸ್ವಲ್ಪ ಮಂಕಾಗಿತ್ತು, ಚರ್ಮ ತೆಳುವಾಗಿ ಮಿಂಚುತ್ತಿತ್ತು. ಅಜ್ಜಿ ಎರಡು ಬೆರಳಿನಿಂದ ತೊಡೆ ಸಂದಿಯನ್ನು ಬಿಡಿಸಿ ಹಿಡಿದರು. ನಿಜವಾದ ಚಿತ್ರ ಇದ್ದದ್ದು ಅಲ್ಲಿ. ಸಂದಿಯ ಆಳದವರೆಗೂ ಗಾಢ ಕೆಂಪು. ಅಂಚು ಸ್ಪಷ್ಟ, ಆ ಅಂಚಿನಲ್ಲಿ ಬಿಳೀ ಹೊಟ್ಟಿನಂತೆ ಸುಲಿಯುತ್ತಿರುವ ಚರ್ಮ. ಅಂಚಿನಾಚೆ, ಚೆನ್ನಾಗಿರುವ ಚರ್ಮದ ಮೇಲೆ, ಅಲ್ಲೊಂದು ಇಲ್ಲೊಂದು ಚಿಕ್ಕ ಕೆಂಪು ಚುಕ್ಕೆಗಳು. ತೊಡೆಯ ಒಳಭಾಗದಲ್ಲಿ, ಹೊಕ್ಕುಳ ಕೆಳಗೆ. ಎರಡು ಮೂರರ ತುದಿಯಲ್ಲಿ ಸೂಜಿಮೊನೆಯಷ್ಟು ಕೀವು. ಸಂದಿಯ ತಳದಲ್ಲಿ ಪೌಡರ್‌ನ ಬೂದು ಗೆರೆ ಇನ್ನೂ ಕೂತಿತ್ತು.

ಮಾಮೂಲಿ ಡೈಪರ್ ರ‍್ಯಾಶ್ ಉಬ್ಬಿದ ಜಾಗಕ್ಕೆ ಬರುತ್ತದೆ. ಡೈಪರ್ ತಾಗುವುದು, ತಿಕ್ಕುವುದು ಅಲ್ಲೇ ಅಲ್ವಾ. ಅಂಡಿನ ಗುಂಡು, ಕೆಳಹೊಟ್ಟೆ, ತೊಡೆ. ಸಂದಿಯ ಒಳಗೆ ಬಟ್ಟೆ ತಾಗುವುದಿಲ್ಲ, ಅದು ಪಾರಾಗುತ್ತದೆ. ಕ್ಯಾಂಡಿಡಾ ಎಂಬ ಫಂಗಸ್ ಸೇರಿಕೊಂಡರೆ ಇದು ತಿರುಗುಮುರುಗು. ಅದಕ್ಕೆ ಸಂದಿಯ ತೇವ, ಶಾಖವೇ ಇಷ್ಟ. ಅಂಚಿನಾಚೆಯ ಚುಕ್ಕೆಗಳು ಅದರದೇ ಗುರುತು. ಈ ಮಗುವಿನಲ್ಲಿ ಮೊದಲು ಉಬ್ಬಿಗೆ ಬಂದ ಕೆಂಪು, ಆಮೇಲೆ ಸಂದಿಗೆ ಇಳಿದದ್ದು. ಅಂದರೆ ಮಾಮೂಲಿ ರ‍್ಯಾಶ್ ಆಗಿ ಶುರುವಾಗಿ ಫಂಗಸ್ ಆಗಿ ಬದಲಾಗಿದೆ. ಮೂರು ದಿನ ದಾಟಿಯೂ ಇಳಿಯದ ಡೈಪರ್ ರ‍್ಯಾಶ್‌ನಲ್ಲಿ ಕ್ಯಾಂಡಿಡಾ ಸೇರಿಕೊಂಡಿರುವುದು ತೀರಾ ಸಾಮಾನ್ಯ.

ಫಂಗಸ್ ಎಲ್ಲಿಂದ ಬಂತು? ಹೊರಗಿನಿಂದೇನೂ ಅಲ್ಲ. ಕ್ಯಾಂಡಿಡಾ ಎಷ್ಟೋ ಮಕ್ಕಳ ಕರುಳಿನಲ್ಲಿ ಸುಮ್ನೆ ಇರುತ್ತದೆ. ಆ್ಯಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಜಾಗ ಖಾಲಿ ಸಿಕ್ಕಿ ಫಂಗಸ್ ಹೆಚ್ಚುತ್ತದೆ, ಭೇದಿಯ ಜೊತೆ ಹೊರಬಂದು ಒಡೆದ ಚರ್ಮಕ್ಕೆ ಅಂಟುತ್ತದೆ.

ಹಾಗಾಗಿ ಬಾಯಿ ನೋಡಲೇಬೇಕು. ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ ನೋಡಿದೆ. ಎರಡೂ ಕಡೆ ಬಿಳೀ ಪಟ್ಟೆ. ಹಾಲಿನ ಕಲೆಯಾದರೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಇದು ಹೋಗಲಿಲ್ಲ, ಅಂದರೆ ಬಾಯಲ್ಲೂ ಫಂಗಸ್. ತಾಯಿಯನ್ನು ಕೇಳಿದೆ, ಹಾಲು ಕುಡಿಸುವಾಗ ಮೊಲೆತೊಟ್ಟು ಉರಿಯುತ್ತಾ ಎಂದು. ಅವರು ಅಜ್ಜಿಯ ಮುಖ ನೋಡಿದರು. ಒಂದು ವಾರದಿಂದ ಉರಿಯುತ್ತಿತ್ತು. ಮಗು ಹಲ್ಲು ತಾಗಿಸುತ್ತಿದೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆ ಏನೂ ಬರೆಯಲಿಲ್ಲ. ಅನುಮಾನವಿದ್ದರೆ ಅಂಚಿನ ಹೊಟ್ಟನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ಇಲ್ಲಿ ಕಣ್ಣಿಗೇ ಕಾಣುತ್ತಿತ್ತು.

ಬೇರೇನಾದರೂ ಇರಬಹುದೇ?

ಎರಡು ವಾರ ಎಳೆದ ರ‍್ಯಾಶ್‌ಗೆ ಇದನ್ನು ಕೇಳಿಕೊಳ್ಳದೆ ಬಿಡಬಾರದು. ತಲೆಯಲ್ಲಿ ಎಣ್ಣೆಹೊಟ್ಟು, ಕಿವಿ ಹಿಂದೆ ಕೆಂಪು ಇದ್ದಿದ್ದರೆ ಸೆಬೊರಿಕ್ ಡರ್ಮಟೈಟಿಸ್ ಎನ್ನಬಹುದಿತ್ತು, ಆದರೆ ಅದು ಸಾಮಾನ್ಯವಾಗಿ ಮೊದಲ ಮೂರು ತಿಂಗಳ ಮಕ್ಕಳದು. ಗುದದ್ವಾರದ ಸುತ್ತ ಮಾತ್ರ ವೃತ್ತ ಬರೆದಂತೆ ಉರಿಗೆಂಪು, ಕಕ್ಕ ಮಾಡುವಾಗ ಅಳು ಇದ್ದರೆ ಸ್ಟ್ರೆಪ್ಟೋಕಾಕಸ್ ಸೋಂಕು. ಅದಕ್ಕೆ ಬಾಯಿಗೆ ಕೊಡುವ ಆ್ಯಂಟಿಬಯಾಟಿಕ್ ಬೇಕು. ನೀರುಗುಳ್ಳೆ ಒಡೆದು ಜೇನುಬಣ್ಣದ ಹಕ್ಕಳೆ ಕಟ್ಟಿದ್ದರೆ ಇನ್ನೊಂದು ಬ್ಯಾಕ್ಟೀರಿಯಾ. ಇವಾವುವೂ ಇರಲಿಲ್ಲ.

ನಾನು ಹೆಚ್ಚು ಹೊತ್ತು ನೋಡಿದ್ದು ಬಾಯಿಯ ಸುತ್ತ, ಕೈಬೆರಳು, ಕೂದಲು. ಬಾಯಿಯ ಸುತ್ತ ಮತ್ತು ಅಂಡಿನಲ್ಲಿ ಒಟ್ಟಿಗೇ ಬರುವ ರ‍್ಯಾಶ್, ಜೊತೆಗೆ ಭೇದಿ, ಕೂದಲು ಉದುರುವುದು ಕಂಡರೆ ಜಿಂಕ್ ಕೊರತೆಯನ್ನು ನೆನೆಯಬೇಕು. ಡೈಪರ್ ರ‍್ಯಾಶ್ ಎಂದೇ ತಿಂಗಳುಗಟ್ಟಲೆ ಮುಲಾಮು ಹಚ್ಚಿ ಕೊನೆಗೆ ಜಿಂಕ್ ಕೊಟ್ಟ ಕೆಲವೇ ದಿನದಲ್ಲಿ ವಾಸಿಯಾಗುವ ಕಾಯಿಲೆ ಅದು. ಈ ಮಗುವಿನ ಬಾಯಿ ಸುತ್ತ ರಾಗಿ ಸರಿಯ ಗುರುತು ಬಿಟ್ಟರೆ ಏನೂ ಇರಲಿಲ್ಲ. ಕೂದಲು ದಟ್ಟ, ತೂಕ ಸರಿಯಾಗಿದೆ, ಜ್ವರವಿಲ್ಲ. ಮುಖ ಊದಿಲ್ಲ. ಬಲವಾದ ಸ್ಟೀರಾಯ್ಡ್ ವಾರಗಟ್ಟಲೆ ಹಚ್ಚಿದ ಶಿಶುಗಳಲ್ಲಿ ಮುಖ ಗುಂಡಗಾಗಿ ಊದುವುದು, ದೇಹದ ಸ್ವಂತ ಸ್ಟೀರಾಯ್ಡ್ ಹಾರ್ಮೋನೇ ನಿಂತುಹೋಗುವುದು ನಡೆದಿದೆ. ಎಂಟು ದಿನದಲ್ಲಿ ಅಷ್ಟಾಗಿರಲಿಲ್ಲ.

ಕೊಟ್ಟದ್ದು, ಬಿಡಿಸಿದ್ದು

ಮೊದಲು ಬಿಡಿಸಿದ್ದು: ಆ ಟ್ಯೂಬ್, ಪೌಡರ್, ಸುಗಂಧದ ವೈಪ್ಸ್. ಅಜ್ಜಿ ಅರಿಶಿನ ಹಚ್ಚೋಣವೇ ಎಂದು ಕೇಳಿದರು. ಒಡೆದ ಚರ್ಮಕ್ಕೆ ಉರಿಯುತ್ತದೆ, ಬೇಡ ಎಂದೆ.

ಮಗುವಿಗೆ ಹಚ್ಚಲು ಕೊಟ್ಟದ್ದು ಮೂರೇ. ಫಂಗಸ್ ಔಷಧವಾದ ಕ್ಲೋಟ್ರಿಮಜೋಲ್ ಶೇಕಡಾ 1ರ ಕ್ರೀಮ್, ದಿನಕ್ಕೆ ಎರಡು ಸಲ. ಜಿಂಕ್ ಆಕ್ಸೈಡ್ ಪೇಸ್ಟ್, ಪ್ರತಿ ಸಲ ಬದಲಾಯಿಸುವಾಗ. ಬಾಯಿಗೆ ಕ್ಲೋಟ್ರಿಮಜೋಲ್ ಮೌತ್ ಪೇಂಟ್. ತಾಯಿಗೂ ತೊಟ್ಟಿಗೆ ಹಚ್ಚಲು ಫಂಗಸ್ ಕ್ರೀಮ್, ಹಾಲು ಕುಡಿಸಿದ ಮೇಲೆ ಹಚ್ಚಿ, ಮುಂದಿನ ಸಲಕ್ಕೆ ಮೊದಲು ಒರೆಸಿಕೊಳ್ಳಬೇಕು. ಇಬ್ಬರಿಗೂ ಒಟ್ಟಿಗೇ ಮಾಡದಿದ್ದರೆ ಫಂಗಸ್ ಅವರಿಂದ ಇವರಿಗೆ, ಇವರಿಂದ ಅವರಿಗೆ ಓಡಾಡಿಕೊಂಡೇ ಇರುತ್ತದೆ. ಭೇದಿ ಆಗಲೇ ಮೂರು ಸಲಕ್ಕೆ ಇಳಿದಿತ್ತು. ಒಆರ್‌ಎಸ್ ಮತ್ತು 20 ಮಿಲಿಗ್ರಾಂ ಜಿಂಕ್ ಮಾತ್ರೆ ದಿನಕ್ಕೊಂದರಂತೆ ಹದಿನಾಲ್ಕು ದಿನ.

ಹಚ್ಚುವ ಕ್ರಮವನ್ನು ಅಲ್ಲೇ ಮೇಜಿನ ಮೇಲೆ ಮಾಡಿ ತೋರಿಸಿದೆ. ಬರೆದುಕೊಟ್ಟರೆ ಆಗದ ಕೆಲಸ ಅದು. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒರೆಸುವುದು, ಉಜ್ಜುವಂತಿಲ್ಲ. ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒತ್ತಿ ಒಣಗಿಸುವುದು. ಸಂದಿ ಬಿಡಿಸಿ ಗಾಳಿಗೆ ಐದು ನಿಮಿಷ. ಮೊದಲು ಕ್ಲೋಟ್ರಿಮಜೋಲ್, ಚರ್ಮಕ್ಕೆ ಇಳಿಯುವಷ್ಟು ತೆಳುವಾಗಿ. ಅದು ಆರಿದ ಮೇಲೆ ಜಿಂಕ್ ಪೇಸ್ಟ್, ಚರ್ಮ ಕಾಣದಷ್ಟು ದಪ್ಪ. ತಿರುಗಾಮುರುಗಾ ಮಾಡಿದರೆ ಪೇಸ್ಟ್ ಗೋಡೆಯಾಗಿ ನಿಂತು ಫಂಗಸ್ ಔಷಧವನ್ನೇ ತಡೆಯುತ್ತದೆ. ಕಕ್ಕ ಮಾಡಿದಾಗ ಗಲೀಜಾದ ಮೇಲ್ಪದರವನ್ನಷ್ಟೇ ಒರೆಸಿ ಮೇಲೆ ಇನ್ನಷ್ಟು ಹಚ್ಚಬೇಕು. ಪ್ರತಿ ಸಲ ತಳದವರೆಗೂ ಕೆರೆದು ತೆಗೆಯಲು ಹೋಗುವುದೇ ಒಂದು ಗಾಯ. ತೆಗೆಯಲೇಬೇಕಾದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿದರೆ ಜಾರಿ ಬರುತ್ತದೆ. ಎಣ್ಣೆಗೆ ಒಂದು ಕೆಲಸ ಸಿಕ್ಕಿದ್ದು ಅಜ್ಜಿಗೆ ಸಮಾಧಾನವಾಯಿತು.

ಡೈಪರ್ ಪೂರ್ತಿ ಬಿಡಬೇಕಾ ಎಂಬ ಪ್ರಶ್ನೆ ಬಂತು. ಬೇಡ ಎಂದೆ, ಅಜ್ಜಿಗೆ ಹಿಡಿಸಲಿಲ್ಲ. ಹಳೇ ಲಂಗೋಟಿ ಒಳ್ಳೆಯದು, ಡೈಪರ್ ಕೆಟ್ಟದ್ದು ಎಂಬ ಮಾತು ಬಿಸಿಲುಗಾಲಕ್ಕೆ ಸರಿ ಇರಬಹುದು. ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಅರ್ಧ ಒಣಗಿದ ಬಟ್ಟೆಗಿಂತ ಎರಡು ಮೂರು ತಾಸಿಗೊಮ್ಮೆ ಬದಲಾಯಿಸುವ ಡೈಪರ್ ಎಷ್ಟೋ ವಾಸಿ. ಕಕ್ಕ ಆದರೆ ಆ ಕ್ಷಣವೇ. ರಾತ್ರಿ ನಡುವೆ ಒಮ್ಮೆ. ಒಂದು ಅಳತೆ ದೊಡ್ಡದು ಕೊಳ್ಳಿ, ಗಾಳಿ ಆಡಲಿ. ಹಗಲು ಎರಡು ಮೂರು ಸಲ ರಬ್ಬರ್ ಶೀಟಿನ ಮೇಲೆ ಬಟ್ಟೆ ಹಾಸಿ ಬರೀ ಮೈಯಲ್ಲಿ ಬಿಡಿ. ಬಟ್ಟೆ ಬಳಸುವುದಾದರೆ ಸೋಪು ಪೂರ್ತಿ ಹೋಗುವಂತೆ ಜಾಲಿಸಿ, ಇಸ್ತ್ರಿ ಹಾಕಿ ಒಣಗಿಸಿ.

ಸ್ಟೀರಾಯ್ಡನ್ನೇ ಪೂರ್ತಿ ಬಿಟ್ಟೆ. ಫಂಗಸ್ ಇಲ್ಲದ, ತುಂಬಾ ಉರಿಯುವ ರ‍್ಯಾಶ್‌ಗೆ ಶೇಕಡಾ 1ರ ಹೈಡ್ರೋಕಾರ್ಟಿಸೋನ್ ಮೂರ್ನಾಲ್ಕು ದಿನ ಕೊಡುವುದುಂಟು, ಅದು ತೀರಾ ಮೃದು. ಈ ಚರ್ಮಕ್ಕೆ ಸ್ಟೀರಾಯ್ಡ್ ಸಾಕಾಗಿತ್ತು.

ಆಮೇಲೆ

ಒಂದು ಎಚ್ಚರಿಕೆ ಮುಂಚೆಯೇ ಹೇಳಿ ಕಳಿಸಿದ್ದೆ: ಬಲವಾದ ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಒಂದೆರಡು ದಿನ ಕೆಂಪು ಏರಬಹುದು, ಹೆದರಿ ಮತ್ತೆ ಅದೇ ಟ್ಯೂಬಿಗೆ ಕೈ ಹಾಕಬೇಡಿ. ಹಾಗೇ ಆಯಿತು. ಎರಡನೇ ದಿನ ರಾತ್ರಿ ಫೋಟೋ ಬಂತು. ಹಿಂದೆಯೇ ಫೋನ್. ಜ್ವರವಿದೆಯಾ, ಗುಳ್ಳೆ ಅಥವಾ ಹುಣ್ಣು ಎದ್ದಿದೆಯಾ, ಮಗು ಹಾಲು ಕುಡಿಯುತ್ತಿದೆಯಾ ಎಂದು ಕೇಳಿದೆ. ಮೊದಲ ಎರಡೂ ಇಲ್ಲ, ಹಾಲು ಕುಡಿಯುತ್ತಿದೆ. ಹಾಗಾದರೆ ಮುಂದುವರಿಸಿ ಎಂದೆ. ಈ ಮೂರರಲ್ಲಿ ಒಂದು ಸರಿ ಇಲ್ಲದಿದ್ದರೂ ಆ ರಾತ್ರಿಯೇ ಕರೆಸಿಕೊಳ್ಳುತ್ತಿದ್ದೆ. ಒಂದು ತಿಂಗಳೊಳಗಿನ ಕೂಸಿಗೆ ಗುಳ್ಳೆ ಎದ್ದರಂತೂ ಫೋನಿನಲ್ಲಿ ಮಾತೇ ಬೇಡ, ಎತ್ತಿಕೊಂಡು ಆಸ್ಪತ್ರೆಗೆ ಬರುವುದು.

ನಾಲ್ಕನೇ ದಿನಕ್ಕೆ ಚುಕ್ಕೆಗಳು ಒಣಗತೊಡಗಿದ್ದವು. ಒಂದು ವಾರಕ್ಕೆ ಸಂದಿ ತಿಳಿಯಾಯಿತು, ಮಗು ಒರೆಸಿಕೊಳ್ಳುವಾಗ ಕಿರುಚುವುದು ನಿಂತಿತು. ಬಾಯಿಯ ಬಿಳಿಯೂ ಹೋಯಿತು. ವಾಸಿಯಾಯಿತು ಎಂದು ಕ್ರೀಮ್ ನಿಲ್ಲಿಸುವ ಆಸೆ ಆಗಲೇ ಬರುವುದು. ಕಣ್ಣಿಗೆ ಕಾಣದಾದ ಮೇಲೂ ಕೆಲವು ದಿನ ಹಚ್ಚಬೇಕು ಎಂದು ಎರಡು ವಾರ ಪೂರ್ತಿ ಮಾಡಿಸಿದೆ.

ಎರಡನೇ ವಾರದ ಭೇಟಿಗೆ ಅಜ್ಜಿ ಬೇರೆಯದೇ ಭಯ ಹೊತ್ತು ಬಂದಿದ್ದರು. ಕೆಂಪಿದ್ದ ಕಡೆಯೆಲ್ಲ ಈಗ ಬಿಳುಚು ಪಟ್ಟೆ. ಸೊಸೆಯನ್ನು ಹೊರಗೆ ಕಳಿಸಿ ಮೆಲ್ಲಗೆ ಕೇಳಿದರು, "ತೊನ್ನಾ?" ತೊನ್ನಲ್ಲ. ನಮ್ಮ ಬಣ್ಣದ ಚರ್ಮದಲ್ಲಿ ಉರಿಯೂತ ಇಳಿದ ಮೇಲೆ ಹೀಗೆ ಬಣ್ಣ ಕಮ್ಮಿಯಾಗುವುದು ಮಾಮೂಲು. ಸ್ಟೀರಾಯ್ಡ್ ಅದಕ್ಕೆ ಇನ್ನಷ್ಟು ಸೇರಿಸಿರಬಹುದು. ತೊನ್ನಿನ ಬಿಳಿ ಸುಣ್ಣದಂತೆ ಪೂರ್ತಿ ಬಿಳಿ, ಇದು ಬರೀ ಮಂಕು. ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು, ತಾನಾಗೇ ತುಂಬಿಕೊಳ್ಳುತ್ತದೆ. ಬಣ್ಣ ಬರಿಸಲು ಏನೂ ಹಚ್ಚಬೇಡಿ ಎಂದೆ. ಸೊಸೆಯನ್ನೂ ಒಳಗೆ ಕರೆದು ಇದನ್ನೇ ಇನ್ನೊಮ್ಮೆ ಹೇಳಿದೆ, ಯಾಕೆಂದರೆ ಅವರಿಗೂ ಅದೇ ಭಯವಿತ್ತು, ಕೇಳಿರಲಿಲ್ಲ ಅಷ್ಟೆ.

ಒಂದೂವರೆ ವರ್ಷದ ಲಸಿಕೆಗೆ ಬಂದಾಗ ಬಣ್ಣ ಸಮವಾಗಿತ್ತು. ನಡುವೆ ಒಮ್ಮೆ ಮಗುವಿಗೆ ಭೇದಿಯಾಗಿ ಅಂಡು ಕೆಂಪಾಗಿತ್ತಂತೆ. ತಾಯಿ ಸಂದಿ ಬಿಡಿಸಿ ನೋಡಿದರಂತೆ, ಒಳಗೆ ಚೆನ್ನಾಗಿತ್ತು, ಚುಕ್ಕೆ ಇರಲಿಲ್ಲ. ಜಿಂಕ್ ಪೇಸ್ಟ್ ಮಾತ್ರ ದಪ್ಪಗೆ ಹಚ್ಚಿ, ಡೈಪರ್ ಬೇಗ ಬೇಗ ಬದಲಾಯಿಸಿದರು. ಮೂರನೇ ದಿನಕ್ಕೆ ಹೋಗಿತ್ತು.